ಅಮೆರಿಕದ ಅಧ್ಯಕ್ಷರನ್ನು ಕೊನೆಗೆ ಆರಿಸೋದು ಪ್ರತಿ ರಾಜ್ಯಕ್ಕೆ ಇಂತಿಷ್ಟು ಅಂತ ಇರೋ ಎಲೆಕ್ಟೋರಲ್ ಮತಗಳು. ನಮ್ಮ ರಾಜ್ಯದ ಆ ಮತಗಳನ್ನು ಜನ ಹಾಕಿದ ಮತದ ಪಾಲಿನ ಪ್ರಕಾರ ಹಂಚಿದರೆ ನನ್ನ ಮತಕ್ಕೆ ಬೆಲೆ ಬರುತ್ತಾ? ಅಂಥ ಪ್ರಸ್ತಾವ ಬಂದರೆ ‘ಹೌದು’ ಅನ್ನಲಾ?

ಇದೇ ಪ್ರಶ್ನೆ 2004ರಲ್ಲಿ ನನ್ನ ತಲೆ ತಿಂದಿತ್ತು. ನಾನಿದ್ದದ್ದು ಕೊಲರಾಡೋದಲ್ಲಿ. ಅಲ್ಲಿ ರಾಜ್ಯದ ಸಂವಿಧಾನಕ್ಕೆ ‘ತಿದ್ದುಪಡಿ 36’ ಅನ್ನೋ ಪ್ರಸ್ತಾವ ಜನರ ಮತಕ್ಕೆ ಬಂತು. ಅಧ್ಯಕ್ಷರ ಚುನಾವಣೆಯಲ್ಲಿ ರಾಜ್ಯದ 9 ಎಲೆಕ್ಟೋರಲ್ ಮತಗಳನ್ನೂ ಗೆದ್ದವರಿಗೇ ಕೊಡುವ ಬದಲು, ಜನ ಹಾಕಿದ ಮತದ ಪಾಲಿಗೆ ತಕ್ಕಂತೆ ಹಂಚಬೇಕು ಅಂತ. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ದೇಶದಲ್ಲೆಲ್ಲ ಬುಷ್‌ಗಿಂತ 5 ಲಕ್ಷಕ್ಕೂ ಜಾಸ್ತಿ ಮತ ಪಡೆದೂ ಸೋತಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ‘36ಕ್ಕೆ ಹೌದು ಅನ್ನಿ’ ಅಂತ ಗಂಟುಬಿದ್ದೆ.

ಎಡವಿದ್ದು ಎಲ್ಲಿ ಅಂದರೆ, ನ್ಯಾಯದ ಮಾತಾಡೋ ಕಡೆ ಲಾಭದ ಲೆಕ್ಕ ಹೇಳಿದೆ. ಆ ನಿಯಮ ಅದೇ ಚುನಾವಣೆಗೇ ಜಾರಿ ಆಗುವಂತೆ ಬರೆದಿದ್ದರು. ಅಂದರೆ ಅಧ್ಯಕ್ಷರನ್ನು ಆರಿಸುವ ದಿನವೇ, ಆ ಮತಗಳನ್ನು ಹಂಚುವ ನಿಯಮಕ್ಕೂ ಮತ. ಕಣದಲ್ಲಿದ್ದವರು ರಿಪಬ್ಲಿಕನ್ ಪಕ್ಷದ ಬುಷ್, ಡೆಮಾಕ್ರಟಿಕ್ ಪಕ್ಷದ ಕೆರಿ; ನಾನು ಕೆರಿ ಕಡೆ. ನನಗೆ ಅದೇ ದೊಡ್ಡ ಪ್ಲಸ್ ಪಾಯಿಂಟ್ ಅನ್ನಿಸಿತು. ಪ್ರಸ್ತಾವಗಳ ಪರ-ವಿರೋಧ ಅಚ್ಚು ಹಾಕಿಸಿ ಸರ್ಕಾರ ಮನೆಮನೆಗೆ ಕಳಿಸುವ ‘ಬ್ಲೂ ಬುಕ್’ ಇದೆಯಲ್ಲ, ಅದರಲ್ಲಿ ಆ ಸಾಲಿಗೆ ಪೆನ್ನಲ್ಲಿ ಗೆರೆ ಎಳೆದುಕೊಂಡು, ‘ಬುಷ್ ಇಲ್ಲಿ ಹೇಗೂ ಗೆಲ್ತಾರೆ, ಇದು ಪಾಸಾದರೆ ಕೆರಿಗೆ ನಾಲ್ಕು ಮತ ಪುಕ್ಕಟೆ’ ಅಂತ ತೋರಿಸುತ್ತಿದ್ದೆ. ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದ ಹುಡುಗ ಔಟಾಗೋ ಹೊತ್ತಿಗೆ ನಿಯಮ ಬದಲಿಸ್ತಾನಲ್ಲ, ಹಾಗೆ.

ಅಕ್ಟೋಬರ್‌ನಲ್ಲಿ ಪೈಪೋಟಿ ಬಿಗಿಯಾಗ್ತಿದೆ ಅಂತ ಸುದ್ದಿ ಬಂತು. ಕೊಲರಾಡೋದಲ್ಲೇ ಇದ್ದ ಹಾಸನ ಮೂಲದ ಗೆಳೆಯರೊಬ್ಬರು ಫೋನ್ ಮಾಡಿ, “ಅಲ್ರೀ, ಕೆರಿ ಇಲ್ಲಿ ಗೆದ್ದುಬಿಟ್ರೆ ನಾವೇ ಬುಷ್‌ಗೆ ನಾಲ್ಕು ಮತ ಕೊಟ್ಟ ಹಾಗಾಗಲ್ವಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮನೆಯವರು ರಿಪಬ್ಲಿಕನ್. ಪಾಲಿನ ಪ್ರಕಾರ ಹಂಚೋದು ಸರಿ ಅಂತ ಮೊದಲು ಒಪ್ಪಿದ್ದರು. ಗೆರೆ ಎಳೆದ ಪುಟ ನೋಡಿದ್ದೇ ತಡ, ಇದು ನಿಮ್ಮ ಪಕ್ಷದ ಆಟ ಅಂದುಬಿಟ್ಟರು. ಆಮೇಲೆ ಬೇಲಿ ಹತ್ತಿರ ನಿಂತು ಹರಟೋದೂ ನಿಂತುಹೋಯಿತು.

ವಿರೋಧಿಗಳಂತೂ ತಮ್ಮ ಗುಂಪಿಗೆ ‘ನಿಜಕ್ಕೂ ಪೆದ್ದ ಐಡಿಯಾ ವಿರುದ್ಧ ಕೊಲರಾಡೋದವರು’ ಅಂತಲೇ ಹೆಸರಿಟ್ಟಿದ್ದರು! ನವೆಂಬರ್‌ನಲ್ಲಿ ಶೇ 65ರಷ್ಟು ಜನ ಬೇಡ ಅಂದರು. ಬುಷ್ ಸುಮಾರು ಶೇ 52, ಕೆರಿ 47. ಪಾಸಾಗಿದ್ದರೆ 5-4 ಆಗ್ತಿತ್ತು.

ಈಗ ನಿಮ್ಮ ಮಾತಿಗೆ ಬರ್ತೀನಿ. ಪಾಲು ಮಾಡಿದರೆ ನಿಮ್ಮ ಮತಕ್ಕೆ ಬೆಲೆ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 9 ಮತ ಇರೋ ರಾಜ್ಯದಲ್ಲಿ ಶೇ 51 ಬಂದರೂ ಐದು, 60 ಬಂದರೂ ಐದೇ. ಆರನೆಯದು ಸಿಗಬೇಕಾದರೆ ಶೇ 61 ದಾಟಬೇಕು. ಇಬ್ಬರ ನಡುವೆ ಒಂದೇ ಮತದ ಅಂತರ ಅಂದಮೇಲೆ ಯಾವ ಅಭ್ಯರ್ಥಿ ನಿಮ್ಮೂರಿಗೆ ಬರ್ತಾನೆ? ಪಕ್ಕದ ರಾಜ್ಯ ಎಲ್ಲವನ್ನೂ ಗೆದ್ದವನಿಗೇ ಕೊಡ್ತಾ ಇರುವಾಗ ನೀವೊಬ್ಬರೇ ಒಡೆದುಕೊಂಡರೆ ನಷ್ಟ ನಿಮಗೇ. ಮೇಯ್ನ್, ನೆಬ್ರಾಸ್ಕಾ ರಾಜ್ಯಗಳು ಮತ ಹಂಚ್ತಿಲ್ವಾ ಅಂತ ಕೇಳಬೇಡಿ. ಅಲ್ಲಿ ಲೆಕ್ಕ ಹಿಡಿಯೋದು ಕ್ಷೇತ್ರವಾರು, ಪಾಲಿನ ಮೇಲಲ್ಲ.

ಒಂಟಿ ರಾಜ್ಯದ ಪ್ರಸ್ತಾವ ಆದರೆ ನಾನು ‘ಬೇಡ’ ಅಂತೀನಿ. ದೇಶದಲ್ಲಿ ಜಾಸ್ತಿ ಮತ ಪಡೆದವರಿಗೇ ನಮ್ಮ ಮತ ಅನ್ನೋ ರಾಜ್ಯಗಳ ಒಪ್ಪಂದ ಇದೆ. ಸೇರಿದ ರಾಜ್ಯಗಳ ಎಲೆಕ್ಟೋರಲ್ ಮತ ಒಟ್ಟು 270, ಅಂದರೆ ಅಧ್ಯಕ್ಷರಾಗಲು ಬೇಕಾದಷ್ಟು, ಮುಟ್ಟೋವರೆಗೆ ಅದು ಜಾರಿಗೆ ಬರಲ್ಲ, ಹಾಗಾಗಿ ಯಾರೂ ಒಬ್ಬರೇ ಸಿಕ್ಕಿಹಾಕಿಕೊಳ್ಳಲ್ಲ. ನಿಮ್ಮ ರಾಜ್ಯ ಸೇರಿದೆಯಾ ನೋಡಿ. ಕೊಲರಾಡೋ ಜನ 2020ರಲ್ಲಿ ಶೇ 52ರಷ್ಟು ಮತ ಹಾಕಿ ಅದನ್ನು ಉಳಿಸಿಕೊಂಡರು. ನಾನೂ ಹಾಕಿದೆ. ಇದರಿಂದ ಯಾವ ಪಕ್ಷಕ್ಕೆ ಲಾಭ ಅಂತ ಆ ಸಲ ಕೇಳಿದವರ ಹತ್ತಿರ ಮಾತ್ರ ಬಾಯಿ ಬಿಡಲಿಲ್ಲ.