ದೆವ್ವದ ಮುಖ ಬಿಡಿ, ಆಟಗಾರನ ಕೈ ತೋರಿಸಿ

ನಮಸ್ಕಾರ,

ಸರ್ವೈವಲ್ ಹಾರರ್ ಗೇಮ್‌ಗಳು, ಅಂದರೆ ಕೈಯಲ್ಲಿರುವ ಸ್ವಲ್ಪದರಲ್ಲೇ ಜೀವ ಉಳಿಸಿಕೊಳ್ಳಬೇಕಾದ ಭಯದ ವಿಡಿಯೊ ಗೇಮ್‌ಗಳು, ಯಾಕೆ ಅಷ್ಟು ಭಯ ಹುಟ್ಟಿಸುತ್ತವೆ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಬೆಂಗಳೂರಿನಲ್ಲಿ ರಾತ್ರಿಯೆಲ್ಲಾ ಗೇಮ್ ಆಡುವವರು ಎಷ್ಟು ಜನ ಇದ್ದಾರೆ! ಇಲ್ಲಿನ ಸ್ಟುಡಿಯೊಗಳಲ್ಲಿ ಗೇಮ್ ಮಾಡುವ ಕನ್ನಡದವರೂ ಇದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುವವರೇ ಆಟದ ಬಗ್ಗೆ ಬರೆಯಲು ಕೂತರೆ ಇಂಗ್ಲಿಷಿಗೆ ಹೋಗುತ್ತಾರೆ. ನೀವು ಹೋಗಲಿಲ್ಲ. ಅದಕ್ಕೇ ಈ ಉದ್ದದ ಉತ್ತರ.

ನಿಮ್ಮ ಮೊದಲ ಎರಡು ಪುಟ ಪೂರ್ತಿ ಇತಿಹಾಸ. 1992ರ 'ಅಲೋನ್ ಇನ್ ದ ಡಾರ್ಕ್'ನಿಂದ ಶುರು ಮಾಡಿ ಇವತ್ತಿನವರೆಗೆ ಒಂದೊಂದೇ ಹೆಸರು ಹೇಳಿಕೊಂಡು ಬಂದಿದ್ದೀರಿ. ಪ್ರತಿ ಹೆಸರಿನ ಜೊತೆ ಒಂದು ವಿಶೇಷಣ: ಭಯಾನಕ, ಭೀಕರ, ರಕ್ತಸಿಕ್ತ, ಎದೆ ನಡುಗಿಸುವ. ಮೂರನೇ ಪುಟದಲ್ಲಿ ರಾಕ್ಷಸರ ವರ್ಣನೆ. ಕೊಳೆತ ಚರ್ಮ, ನೇತಾಡುವ ಕರುಳು, ಉದ್ದ ಹಲ್ಲು. ಇಷ್ಟೆಲ್ಲಾ ಓದಿದ ಮೇಲೂ ನನಗೆ ಒಂದು ಚೂರೂ ಭಯ ಆಗಲಿಲ್ಲ. ಯಾಕೆ ಅಂತ ಯೋಚನೆ ಮಾಡಿ.

ಯಾರೋ ಆಡುತ್ತಿರುವ ಹಾರರ್ ಗೇಮ್‌ನ ವಿಡಿಯೊವನ್ನು ನಾವು ಊಟ ಮಾಡುತ್ತಾ ನೋಡಬಹುದು. ನಗಬಹುದು. 'ಅಯ್ಯೋ, ಆ ಕಡೆ ಹೋಗೋ!' ಅಂತ ಕೂಗಬಹುದು. ಅದೇ ಗೇಮ್‌ನ ಕಂಟ್ರೋಲರ್ ಕೈಗೆ ಬಂದರೆ ಅಂಗೈ ಒದ್ದೆಯಾಗುತ್ತದೆ. ರಾಕ್ಷಸ ಅದೇ, ಸದ್ದು ಅದೇ, ಕತ್ತಲೂ ಅದೇ. ಏನು ಬದಲಾಯಿತು? ಈಗ ಆ ಬಾಗಿಲು ತೆಗೆಯಬೇಕಾದವರು ನಾವು. ತೆಗೆದರೆ ಏನು ಕಳೆದುಕೊಳ್ಳುತ್ತೇವೆ ಅನ್ನುವುದು ನಮಗೆ ಗೊತ್ತು. ಸರ್ವೈವಲ್ ಹಾರರ್‌ನ ಭಯ ಇರುವುದು ಅಲ್ಲಿ. ನಿಮ್ಮ ಲೇಖನ ರಾಕ್ಷಸನ ಮುಖವನ್ನೇ ನೋಡುತ್ತಾ ನಿಂತಿದೆ, ಆಟಗಾರನ ಕೈ ಕಡೆ ತಿರುಗಿಯೇ ಇಲ್ಲ.

'ರೆಸಿಡೆಂಟ್ ಈವಿಲ್' ಬಗ್ಗೆ 'ಜಾಂಬಿಗಳು ತುಂಬಿದ ಬಂಗಲೆಯ ರೋಚಕ ಕಥೆ' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಆ ಆಟದ ಎರಡು ಪಾತ್ರಗಳಲ್ಲಿ ಕ್ರಿಸ್ ಆಗಿ ಆಡಿದರೆ ಸಾಮಾನು ಇಟ್ಟುಕೊಳ್ಳಲು ಇರುವುದು 6 ಜಾಗ, ಜಿಲ್ ಆದರೆ 8. ಬಂದೂಕಿಗೆ ಒಂದು, ಗುಂಡಿಗೆ ಒಂದು, ಗಾಯಕ್ಕೆ ಹಾಕುವ ಸೊಪ್ಪಿಗೆ ಒಂದು, ಕೀಗೆ ಒಂದು. ಆಟ ಸೇವ್ ಮಾಡಲು, ಅಂದರೆ ಆಡಿದಷ್ಟನ್ನು ಉಳಿಸಿಕೊಳ್ಳಲು, ಟೈಪ್‌ರೈಟರ್ ಹತ್ತಿರ ಹೋಗಬೇಕು, ಅದಕ್ಕೆ ಇಂಕ್ ರಿಬ್ಬನ್ ಬೇಕು. ರಿಬ್ಬನ್ ಸಿಗುವುದೇ ಕಮ್ಮಿ, ಅದನ್ನು ಹೊತ್ತುಕೊಂಡು ಓಡಾಡಿದರೆ ಅದಕ್ಕೂ ಒಂದು ಜಾಗ ಹೋಯಿತು. ಈಗ ಒಂದು ಜಾಂಬಿ ಎದುರು ಬಂತು ಅಂದುಕೊಳ್ಳಿ. ಆಟಗಾರನ ತಲೆಯಲ್ಲಿ ಓಡುವುದು 'ಎಷ್ಟು ಅಸಹ್ಯವಾಗಿದೆ' ಅನ್ನುವ ಯೋಚನೆ ಅಲ್ಲ. ಲೆಕ್ಕ. ಗುಂಡು ಎಷ್ಟಿದೆ, ಕೊನೆಗೆ ಸೇವ್ ಮಾಡಿದ್ದು ಯಾವಾಗ, ಪಕ್ಕದಲ್ಲಿ ನುಸುಳಿ ಹೋಗಲು ಆಗುತ್ತಾ?

2002ರಲ್ಲಿ ಗೇಮ್‌ಕ್ಯೂಬ್ ಅನ್ನುವ ಗೇಮ್ ಯಂತ್ರಕ್ಕೆ ಇದೇ ಆಟವನ್ನು ಹೊಸದಾಗಿ ಮಾಡಿದಾಗ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿದರು. ಅದರಲ್ಲಿ ಕೆಳಗೆ ಬಿದ್ದ ಜಾಂಬಿಯ ತಲೆ ಒಡೆಯದಿದ್ದರೆ, ಅಥವಾ ಅದನ್ನು ಸುಡದಿದ್ದರೆ, ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಎದ್ದು ಬರುತ್ತದೆ. ಈ ಸಲ ಓಡಿಕೊಂಡು ಬರುತ್ತದೆ. ಸುಡಬೇಕಾದರೆ ಸೀಮೆಎಣ್ಣೆ ಬೇಕು, ಅದನ್ನು ತುಂಬಿಕೊಳ್ಳುವ ಡಬ್ಬಿ ಚಿಕ್ಕದು, ಆ ಡಬ್ಬಿಗೂ ಒಂದು ಜಾಗ ಬೇಕು. ಹೀಗಾಗಿ ನೀವು ಗೆದ್ದ ಜಾಗದಲ್ಲೇ ಭಯ ಕೂತಿರುತ್ತದೆ. ಕಾರಿಡಾರ್‌ನಲ್ಲಿ ಒಂದು ಹೆಣ ಬಿದ್ದಿದೆ, ಅದನ್ನು ಬೀಳಿಸಿದವರು ನೀವೇ, ಈಗ ಅದರ ಪಕ್ಕದಲ್ಲೇ ದಾಟಿ ಹೋಗಬೇಕು. ಸುಡಲು ಎಣ್ಣೆ ಇಲ್ಲ. ಅದು ಸುಮ್ನೆ ಮಲಗಿದೆ. ಇದನ್ನು ಬರೆಯಿರಿ. ಕಂಟ್ರೋಲರ್ ಹಿಡಿದೇ ಇಲ್ಲದ ಓದುಗರಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಕರುಳು ನೇತಾಡುವ ವರ್ಣನೆಯ ಅಗತ್ಯವೇ ಬರುವುದಿಲ್ಲ.

ನಾಲ್ಕನೇ ಪುಟದಲ್ಲಿ ನೀವು ಹೇಳಿದ ಕೆಲವು ಮಾತು ಸರಿಯಿಲ್ಲ. ಹಳೇ ಆಟಗಳಲ್ಲಿ ಕ್ಯಾಮೆರಾ ಅಲುಗಾಡದೆ ಒಂದೇ ಕಡೆ ಇರುತ್ತಿದ್ದದ್ದು 'ಆ ಕಾಲದ ದೌರ್ಬಲ್ಯ' ಅಂದಿದ್ದೀರಿ. ಹಿನ್ನೆಲೆಯನ್ನು ಮೊದಲೇ ಚಿತ್ರ ಮಾಡಿಟ್ಟಿದ್ದರಿಂದ ಕ್ಯಾಮೆರಾ ಹಾಗೆ ನಿಂತಿತ್ತು, ನಿಜ. ಆದರೆ ಅದರ ಪರಿಣಾಮ ನೋಡಿ. ಗೋಡೆಯ ತಿರುವಿನ ಆಚೆ ಯಾರೋ ಕಾಲೆಳೆದುಕೊಂಡು ನಡೆಯುವ ಸದ್ದು ನಿಮಗೆ ಕೇಳುತ್ತದೆ. ನಿಮ್ಮ ಪಾತ್ರ ನಿಂತ ಜಾಗದಿಂದ ಅವನು ಕಾಣಲೂಬೇಕು. ಆದರೆ ಕ್ಯಾಮೆರಾ ತೋರಿಸುವುದಿಲ್ಲ. ನೋಡಬೇಕು ಅಂದರೆ ಹೆಜ್ಜೆ ಮುಂದಿಡಬೇಕು, ಇಟ್ಟ ಮೇಲೆ ಬೇಗ ಹಿಂದೆ ತಿರುಗಲು ಆಗುವುದಿಲ್ಲ. ದೌರ್ಬಲ್ಯ ಅಂದರೆ ಇದೇನಾ?

1999ರ 'ಸೈಲೆಂಟ್ ಹಿಲ್'ನ ಮಂಜಿನ ವಿಷಯದಲ್ಲಿ ಇದಕ್ಕೆ ಉಲ್ಟಾ ಹೇಳಿದ್ದೀರಿ, ಅದು ಪೂರ್ತಿ ಕಲಾವಿದರ ಕಲ್ಪನೆ ಅಂತ. ಊರಿನ ದೂರದ ಬೀದಿಗಳನ್ನೆಲ್ಲಾ ಒಟ್ಟಿಗೆ ಬಿಡಿಸುವ ಶಕ್ತಿ ಆ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಬಿಡಿಸಲಾಗದ್ದನ್ನು ಮಂಜು ಮುಚ್ಚಿಟ್ಟಿತು. ಆ ಮಂಜಿನ ಜೊತೆ ಅವರು ಒಂದು ರೇಡಿಯೊ ಕೊಟ್ಟರಲ್ಲ, ಕಲ್ಪನೆ ಅದು. ರಾಕ್ಷಸ ಹತ್ತಿರ ಬಂದರೆ ರೇಡಿಯೊ ಗೊರಗೊರ ಅನ್ನುತ್ತದೆ. ಏನೋ ಇದೆ ಅಂತ ಹೇಳುತ್ತದೆ, ಯಾವ ಕಡೆ ಅಂತ ಹೇಳುವುದಿಲ್ಲ. ಜೊತೆಗೆ ಆಟದ ನಾಯಕ ಹ್ಯಾರಿ ಸೈನಿಕನಲ್ಲ, ಮಗಳನ್ನು ಹುಡುಕಿಕೊಂಡು ಬಂದ ಒಬ್ಬ ಅಪ್ಪ. ಗುಂಡು ಹೊಡೆದರೆ ಅವನ ಗುರಿ ತಪ್ಪುತ್ತದೆ, ಓಡಿದರೆ ಏದುಸಿರು ಬರುತ್ತದೆ. ಅರ್ಧ ಮಾಹಿತಿ ಕೊಡುವುದು ಏನೂ ಕೊಡದೇ ಇರುವುದಕ್ಕಿಂತ ಜಾಸ್ತಿ ಕಾಡುತ್ತದೆ. ಲೇಖನ ಬರೆಯುವಾಗಲೂ ಇದು ನಿಮ್ಮ ಕೆಲಸಕ್ಕೆ ಬರುತ್ತದೆ.

ತಟ್ಟನೆ ಎದುರಿಗೆ ಹಾರಿ ಬೆಚ್ಚಿಬೀಳಿಸುವ ಜಂಪ್ ಸ್ಕೇರ್ ಬಗ್ಗೆ ಒಂದೂವರೆ ಪುಟ ಜಾಸ್ತಿ ಆಯಿತು. ರೆಸಿಡೆಂಟ್ ಈವಿಲ್‌ನಲ್ಲಿ ಕಿಟಕಿ ಒಡೆದು ನಾಯಿ ಹಾರುವುದು ಎಲ್ಲರಿಗೂ ನೆನಪಿದೆ. ಬೆಚ್ಚಿಬೀಳುವುದು ಒಂದು ಕ್ಷಣ ಅಷ್ಟೇ. ಅದಾದ ಮೇಲೆ ಆಟಗಾರ ಪ್ರತಿ ಕಿಟಕಿಯ ಮುಂದೆಯೂ ನಡೆಯುವ ರೀತಿ ಬದಲಾಗುತ್ತದೆ. ಬರೆಯಬೇಕಾದದ್ದು ಆ ಬದಲಾದ ನಡಿಗೆ.

'ಕೈಯಲ್ಲಿ ಆಯುಧ ಇಲ್ಲದಿದ್ದರೆ ಭಯ ತಾನಾಗಿಯೇ ಬರುತ್ತದೆ' ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆಯುಧ ಕಿತ್ತುಕೊಂಡರೆ ಸಾಲದು. ಅಡಗಿಕೊಳ್ಳುವುದು, ಕಾಯುವುದು, ಓಡುವುದು, ಇಷ್ಟೇ ಆದರೆ ಸ್ವಲ್ಪ ಹೊತ್ತಿಗೆ ಅದು ಬೇಸರದ ಕಣ್ಣಾಮುಚ್ಚಾಲೆ. 2010ರ 'ಆಮ್ನೀಸಿಯಾ: ದ ಡಾರ್ಕ್ ಡಿಸೆಂಟ್' ಯಾಕೆ ಬೇರೆ ಅಂತ ನೋಡಿ. ಸ್ವೀಡನ್ನಿನ ಚಿಕ್ಕ ತಂಡ ಫ್ರಿಕ್ಷನಲ್ ಗೇಮ್ಸ್ ಮಾಡಿದ್ದು. ಅದರಲ್ಲಿ ಕತ್ತಲಲ್ಲಿ ಕೂತರೆ ನಿಮ್ಮ ಪಾತ್ರದ ಬುದ್ಧಿಯ ಸ್ಥಿಮಿತ ತಪ್ಪುತ್ತಾ ಹೋಗುತ್ತದೆ. ದೀಪ ಹಚ್ಚಿದರೆ ಸ್ಥಿಮಿತ ಉಳಿಯುತ್ತದೆ, ಆದರೆ ರಾಕ್ಷಸನಿಗೆ ನೀವು ಕಾಣುತ್ತೀರಿ. ದೀಪದ ಎಣ್ಣೆಯೂ ಮುಗಿಯುತ್ತಾ ಬರುತ್ತದೆ. ರಾಕ್ಷಸನನ್ನು ದಿಟ್ಟಿಸಿ ನೋಡಿದರೂ ಸ್ಥಿಮಿತಕ್ಕೆ ಪೆಟ್ಟು. ಅಂದರೆ ಉಳಿಯಲು ಬೇಕಾದ ಎರಡು ಸಂಗತಿ ಒಂದಕ್ಕೊಂದು ಜಗಳಕ್ಕೆ ಬಿದ್ದಿವೆ. ಯಾವುದನ್ನು ಆರಿಸಿಕೊಂಡರೂ ನಷ್ಟ ನಿಮ್ಮದೇ. ಆಯುಧ ಇಲ್ಲ ಅನ್ನುವುದು ಇದರಲ್ಲಿ ಚಿಕ್ಕ ಭಾಗ.

ಸಾವಿನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಹಾರರ್ ಗೇಮ್ ಮಾಡುವವರ ದೊಡ್ಡ ತಲೆನೋವೇ ಅದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸತ್ತರೆ ಭಯ ಹೋಗಿ ಸಿಟ್ಟು ಬರುತ್ತದೆ. ಹಾಗಂತ ಸಾವೇ ಇಲ್ಲದಿದ್ದರೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. 2014ರ 'ಏಲಿಯನ್: ಐಸೊಲೇಷನ್' ಈ ಗಂಟನ್ನು ಬಿಡಿಸಿದ ರೀತಿ ನನಗೆ ತುಂಬಾ ಇಷ್ಟ. ಅಲ್ಲಿ ನಿಮ್ಮನ್ನು ಬೇಟೆಯಾಡುವ ಅನ್ಯಲೋಕದ ಜೀವಿ, ಏಲಿಯನ್ ಅನ್ನು ಕೊಲ್ಲಲು ಆಗುವುದಿಲ್ಲ. ಬೆಂಕಿ ತೋರಿಸಿ ಸ್ವಲ್ಪ ಹೊತ್ತು ಓಡಿಸಬಹುದು, ಅಷ್ಟೇ. ಅದರ ಹಿಂದೆ ಎರಡು ಕಂಪ್ಯೂಟರ್ ಬುದ್ಧಿ ಕೆಲಸ ಮಾಡುತ್ತವೆ. ಒಂದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಇನ್ನೊಂದು ಏಲಿಯನ್‌ನದು, ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಗೊತ್ತಿಲ್ಲದ್ದಕ್ಕೆ 'ಆ ಕಡೆ ಹೋಗಿ ನೋಡು' ಅಂತ ಆಗಾಗ ಸುಳಿವು ಕೊಡುತ್ತದೆ. ಒತ್ತಡ ತೀರಾ ಜಾಸ್ತಿ ಆಯಿತು ಅನಿಸಿದರೆ ಅದನ್ನು ದೂರ ಕಳಿಸುತ್ತದೆ. ಹೀಗಾಗಿ ಏಲಿಯನ್ ನಿಮ್ಮನ್ನು ಹುಡುಕುವುದು ನಿಜವಾದ ಹುಡುಕಾಟ. ಅದರ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳಲು ಆಗುವುದಿಲ್ಲ.

ಇನ್ನು ಸೇವ್ ಮಾಡುವುದು. ಗೋಡೆಯ ಯಂತ್ರಕ್ಕೆ ಕಾರ್ಡ್ ಹಾಕಿ ಕೆಲವು ಸೆಕೆಂಡ್ ಕಾಯಬೇಕು. ಆ ಹೊತ್ತಲ್ಲಿ ಆಟ ನಿಲ್ಲುವುದಿಲ್ಲ. ಬೆನ್ನು ಕಾರಿಡಾರ್ ಕಡೆಗೆ, ಮುಖ ಗೋಡೆಗೆ. ಬೇರೆ ಆಟಗಳಲ್ಲಿ ಸೇವ್ ಅಂದರೆ ನೆಮ್ಮದಿ, ಇಲ್ಲಿ ಅದೇ ಅತಿ ಉದ್ದದ ಕ್ಷಣ. ಸುತ್ತ ಏನಾದರೂ ಚಲಿಸಿದರೆ ತೋರಿಸುವ ಯಂತ್ರ, ಮೋಷನ್ ಟ್ರ್ಯಾಕರ್, ಎತ್ತಿದರೆ ಅದರ ಪರದೆ ಸ್ಪಷ್ಟ ಕಾಣುತ್ತದೆ, ಎದುರಿನ ಕೋಣೆ ಮಸುಕಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡುವ ಹಾಗಿಲ್ಲ. ಇಂಥ ಒಂದು ವಿವರ ನಿಮ್ಮ ಮೊದಲ ಎರಡು ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ಈಗ ನಿಮ್ಮ ಐದನೇ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಯುವ ಹಾಗೆ ಮಾಡಿದ್ದೇ ಅದು. ಬಿಟಿಎಂ ಲೇಔಟಿನ ಪಿಜಿ ರೂಮು. ರೂಮ್‌ಮೇಟ್ ಮಲಗಿದ್ದಾನೆ. ಆಟದಲ್ಲಿ ನೀವು ರಾಕ್ಷಸರು ಬಾರದ ಸೇಫ್ ರೂಮಿನ ಒಳಗೆ ನಿಂತಿದ್ದೀರಿ, ಗುಂಡು ಹೆಚ್ಚುಕಮ್ಮಿ ಖಾಲಿ, ಬಾಗಿಲು ತೆಗೆಯಲು ಆಗುತ್ತಿಲ್ಲ. ತಡೆಯಲಾರದೆ ಹೆಡ್‌ಫೋನ್ ತೆಗೆದಿರಿ. ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರ್‌ನ ಮೋಟಾರ್ ಓಡುತ್ತಿತ್ತು. ಅದನ್ನು ಕೇಳಿಸಿಕೊಂಡು ಧೈರ್ಯ ತಂದುಕೊಂಡೆ ಅಂತ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ ಇದು! ಒಂದೇ ಒಂದು ವಿಶೇಷಣ ಇಲ್ಲ, ರಾಕ್ಷಸನೂ ಇಲ್ಲ. ನಡುರಾತ್ರಿ ಟ್ಯಾಂಕರ್ ಸದ್ದಿಗೆ ಬೈದುಕೊಳ್ಳುವ ಈ ಊರಿನಲ್ಲಿ ಆ ಸದ್ದು ಒಬ್ಬರಿಗೆ ಆಸರೆಯಾಯಿತು ಅಂದರೆ ಅವರು ಎಷ್ಟು ಹೆದರಿದ್ದಿರಬೇಕು ಅಂತ ನನಗೆ ತಕ್ಷಣ ಗೊತ್ತಾಯಿತು. ಆದರೆ ಅಲ್ಲೇ ಬಿಟ್ಟು 'ಹೀಗೆ ಗೇಮ್‌ಗಳು ನಮ್ಮನ್ನು ಭಯಪಡಿಸುತ್ತವೆ' ಅಂತ ಮುಂದೆ ಹೋದಿರಿ. ಆಟ ಯಾವುದು ಅಂತ ಹೇಳಲಿಲ್ಲ. ಬಾಗಿಲು ತೆಗೆದಿರೋ ಇಲ್ಲವೋ ಹೇಳಲಿಲ್ಲ. ಆಚೆ ಏನಿರಬಹುದು ಅಂತ ಆಗ ನಿಮ್ಮ ತಲೆಯಲ್ಲಿ ಇದ್ದ ಲೆಕ್ಕ ಏನು? ಅದು ಬೇಕು.

ಕೊನೆಯಲ್ಲಿ ಒಂದು ಸಾಲು ಇದೆ. 'ನಮ್ಮ ನಾಳೆ ಬಾ ದೆವ್ವದ ಮೇಲೂ ಯಾರಾದರೂ ಗೇಮ್ ಮಾಡಿದರೆ ಸೂಪರ್ ಆಗಿರುತ್ತೆ.' ಇಷ್ಟು ದೊಡ್ಡದನ್ನು ಇಷ್ಟು ಚಿಕ್ಕದಾಗಿ ಮುಗಿಸಿದ್ದು ನನಗೆ ನಿಜಕ್ಕೂ ಸಂಕಟ ಆಯಿತು. 1990ರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಓಡಾಡಿದ ಕಥೆ ಅದು. ರಾತ್ರಿ ಬಾಗಿಲು ಬಡಿಯುವ ಸದ್ದು. ಹೊರಗಿನಿಂದ ಕರೆಯುವುದು ಅಮ್ಮನ ದನಿ, ಅಥವಾ ಅಣ್ಣನ ದನಿ. ತೆಗೆದರೆ ಸಾವು. ಅದಕ್ಕೆ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಅದನ್ನು ಓದಿಕೊಂಡು ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಓದುತ್ತದೆ.

ಒಮ್ಮೆ ಗೇಮ್ ಮಾಡುವವರ ಕಣ್ಣಿಂದ ನೋಡಿ. ಈ ಕಥೆಯಲ್ಲಿ ದೆವ್ವದ ಮುಖ ನೋಡುವ ಮಾತೇ ಇಲ್ಲ. ಇರುವುದು ಒಂದು ಬಾಗಿಲು, ಒಂದು ದನಿ, ಒಂದು ನಿರ್ಧಾರ. ಅಣ್ಣ ಸೆಕೆಂಡ್ ಶಿಫ್ಟ್ ಮುಗಿಸಿ ನಿಜವಾಗಿಯೂ ಬಂದಿದ್ದರೆ? ತೆಗೆಯದಿದ್ದರೆ ಅವನು ಆ ಕತ್ತಲಲ್ಲಿ, ಅದು ಓಡಾಡುವ ಬೀದಿಯಲ್ಲಿ ನಿಂತಿರುತ್ತಾನೆ. ತೆಗೆದರೆ, ಬಂದಿರುವುದು ಅವನೇ ಅಲ್ಲದಿದ್ದರೆ? ನಿಮ್ಮ ಕೈಲಿರುವ ರಕ್ಷಣೆ ಒಂದು ಸುಣ್ಣದ ಬರಹ, ಅದೂ ಒಂದು ದಿನದ ಮಟ್ಟಿಗೆ. ಮಳೆ ಬಂದು ಅಕ್ಷರ ಅಳಿಸಿದರೆ ಮತ್ತೆ ಬರೆಯಲು ಬಾಗಿಲು ತೆಗೆದು ಹೊರಗೆ ಹೋಗಬೇಕು. ಮಳೆಯ ಮಾತು ನನ್ನ ಸೇರ್ಪಡೆ, ಕಥೆಯದಲ್ಲ. ಆದರೆ ನೋಡಿ, ಕಥೆ ತಾನೇ ಅಂಥ ನಿಯಮಗಳನ್ನು ಕೇಳುತ್ತದೆ. ರಿಬ್ಬನ್, ಸೀಮೆಎಣ್ಣೆ, ದೀಪದ ಎಣ್ಣೆ ಮಾಡುವ ಕೆಲಸವನ್ನೇ ಇಲ್ಲಿ ಒಂದು ತುಂಡು ಸುಣ್ಣ ಮಾಡುತ್ತದೆ. ಇದನ್ನು ಬರೆಯಲು ಜಪಾನಿಗೋ ಸ್ವೀಡನ್ನಿಗೋ ಹೋಗಬೇಕಾಗಿಲ್ಲ ಅಲ್ವಾ?

ಹಾಗಾಗಿ ನನ್ನ ಕೋರಿಕೆ ಇದು. ಇತಿಹಾಸ, ರಾಕ್ಷಸರ ಪಟ್ಟಿ, ಜಂಪ್ ಸ್ಕೇರ್ ಮೂರನ್ನೂ ತೆಗೆಯಿರಿ. ಕಂಟ್ರೋಲರ್‌ನ ಬಟನ್‌ಗಳನ್ನು ವಿವರಿಸುವ ಆ ಅರ್ಧ ಪುಟವೂ ಬೇಡ. ಹಾಸನದಲ್ಲಿರುವ ನಿಮ್ಮ ಅಮ್ಮ ಓದಿದರೆ ಅವರಿಗೆ ಬಟನ್ ಗೊತ್ತಾಗಬೇಕಿಲ್ಲ, ಮಗ ಯಾಕೆ ಬಾಗಿಲು ತೆಗೆಯಲಿಲ್ಲ ಅನ್ನುವುದು ಗೊತ್ತಾಗಬೇಕು. ಪಿಜಿ ರೂಮಿನಿಂದಲೇ ಶುರು ಮಾಡಿ. ನೀವು ಪೂರ್ತಿ ಆಡಿ ಮುಗಿಸಿದ ಒಂದೇ ಒಂದು ಆಟ ಇಟ್ಟುಕೊಳ್ಳಿ. ಅದು ನಿಮ್ಮಿಂದ ಏನನ್ನು ಕಿತ್ತುಕೊಂಡಿತು, ಏನನ್ನು ಅರ್ಧ ಮಾತ್ರ ಹೇಳಿತು, ಯಾವ ನಿರ್ಧಾರವನ್ನು ನಿಮ್ಮ ಕೈಯಲ್ಲೇ ಮಾಡಿಸಿತು, ಅಷ್ಟನ್ನು ಬರೆಯಿರಿ. ನಾಳೆ ಬಾ ಕಥೆ ಅದರ ಜೊತೆ ತಾನಾಗಿ ಸೇರಿದರೆ ಸೇರಲಿ. ಇಲ್ಲದಿದ್ದರೆ ಅದನ್ನು ಬೇರೆ ಲೇಖನವಾಗಿ ಮಾಡಿ, ಎರಡನ್ನೂ ಓದುತ್ತೇನೆ.

1,200 ಪದ ಸಾಕು. ಫೋಟೊ, ಸ್ಕ್ರೀನ್‌ಶಾಟ್ ಕಳಿಸಬೇಡಿ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡಬಹುದು, ತಡವಾದರೂ ಪರವಾಗಿಲ್ಲ, ಆತುರ ಮಾಡಬೇಡಿ.

ವಿಶ್ವಾಸದಿಂದ,
ಸಂಪಾದಕ