ಪ್ರತಿಕ್ರಿಯೆ: ಈರುಳ್ಳಿಯ ಪೊರೆಯಲ್ಲಿ ಹಸಿರು ಏಕೆ ಕಾಣುವುದಿಲ್ಲ?

ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಲೋರೋಪ್ಲಾಸ್ಟ್ (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣ) ಒಂದೂ ಕಾಣಲಿಲ್ಲ, ಹಾಗಾದರೆ ಅದು ಸಸ್ಯಕೋಶ ಹೇಗಾದೀತು ಎಂದು ಕೇಳಿದ್ದೀರಿ. ನೀವು ಕಂಡದ್ದು ಸರಿಯಾಗಿಯೇ ಇದೆ. ಗೆಡ್ಡೆಯ ಪದರಗಳು ಬೆಳಕು ತಾಗದೆ ಆಹಾರ ಕೂಡಿಡುವ ಎಲೆಬುಡಗಳಾದ್ದರಿಂದ ಅಲ್ಲಿ ಕ್ಲೋರೋಪ್ಲಾಸ್ಟ್ ಬೆಳೆಯುವುದಿಲ್ಲ. ಅದೇ ಗಿಡದ ಹಸಿರೆಲೆಯಲ್ಲಿ ಅವು ಧಾರಾಳವಾಗಿವೆ. ಸಸ್ಯಕೋಶದ ಗುರುತಿಗೆ ಹಿಡಿಯಬೇಕಾದದ್ದು ಕೋಶದ ಸುತ್ತಲಿನ ಗಟ್ಟಿ ಹೊರಗೋಡೆಯಾದ, ಸೆಲ್ಯುಲೋಸಿನ ಕೋಶಭಿತ್ತಿಯನ್ನು. ಕೆಂಪು ಈರುಳ್ಳಿಯ ಪದರದ ಹೊರಮೈಯಿಂದ ನೇರಳೆ ಪೊರೆಯನ್ನು ಬಿಡಿಸಿ, ಅದರ ಮೇಲೆ ಒಂದು ಹನಿ ಗಟ್ಟಿ ಉಪ್ಪುನೀರು ಬಿಟ್ಟು ಕೆಲವು ನಿಮಿಷ ಕಾಯಿರಿ: ಕೋಶದೊಳಗೆ ರಸ ತುಂಬಿದ ದೊಡ್ಡ ಚೀಲವಾದ ರಸದಾನಿಯಿಂದ ನೀರು ಹೊರಹೋಗಿ, ಬಣ್ಣದ ಭಾಗ ಕೋಶಪೊರೆಯೊಡನೆ ಒಳಕ್ಕೆ ಸರಿಯುತ್ತದೆ, ಆದರೆ ಇಟ್ಟಿಗೆಯಾಕಾರದ ಭಿತ್ತಿ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ನಮ್ಮ ಕೆನ್ನೆಯ ಒಳಗಿನಿಂದ ತೆಗೆದ ಕೋಶಕ್ಕೆ ಅಂಥ ಭಿತ್ತಿಯೇ ಇಲ್ಲದ್ದರಿಂದ ಅದೇ ಉಪ್ಪುನೀರಿನಲ್ಲಿ ಅದು ಇಡಿಯಾಗಿ ಸುಕ್ಕುಗಟ್ಟುತ್ತದೆ.