ಊರಲ್ಲೇ ವಕೀಲಿಕೆ ಮಾಡಿ ಬದುಕಬಹುದೇ?

ಕಾನೂನು ಪದವಿ ಮುಗಿಸಿ ಜಮಖಂಡಿಯಲ್ಲೇ ನಿಂತು ಬಡವರ ಕೇಸು ನಡೆಸಿದರೆ ಹೊಟ್ಟೆ ತುಂಬೀತೇ ಎಂದು ಕೇಳಿದ್ದೀರಿ. ತುಂಬುತ್ತದೆ, ಆದರೆ ತಡವಾಗಿ. ಮೊದಲ ವರ್ಷಗಳಲ್ಲಿ ಮನೆಯವರ ಆಸರೆ ಬೇಕೇ ಬೇಕು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕೆಲಸಕ್ಕೆ ಬರವಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಕಳೆದುಕೊಂಡವರ ಪರಿಹಾರ, ಅಣ್ಣತಮ್ಮಂದಿರ ವಾಟ್ನಿ ಅಂದರೆ ಆಸ್ತಿ ಪಾಲು, ಗಂಡ ಬಿಟ್ಟ ಹೆಣ್ಣುಮಕ್ಕಳ ಜೀವನಾಂಶ. ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಉತಾರ (ಪಹಣಿ), ಹರಿದ ನೋಟಿಸು, ಮಡಚಿ ಮಡಚಿ ಸವೆದ ಖರೀದಿ ಪತ್ರ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಶುಲ್ಕದ ಮಾತೆತ್ತುವ ಮೊದಲು ಅವನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿ. ಎಷ್ಟೋ ಸಲ ತಹಶೀಲ್ದಾರರಿಗೆ ಒಂದು ಸರಿಯಾದ ಅರ್ಜಿ ಬರೆದುಕೊಟ್ಟರೆ ಕೆಲಸ ಮುಗಿಯುತ್ತದೆ.

ಸದ್ಯಕ್ಕೆ ಕಕ್ಷಿದಾರರನ್ನು ಕೂರಿಸಿ ಮಾತಾಡಿಸುವ ಹಿರಿಯ ವಕೀಲರ ಕಚೇರಿ ಸೇರಿ. ದೊಡ್ಡ ಹೆಸರು ಹುಡುಕಬೇಡಿ. ಮೂರು ವರ್ಷದ ಅನುಭವವಾದ ಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರ ಪಟ್ಟಿಗೆ ಅರ್ಜಿ ಹಾಕಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ನಿಮ್ಮ ಶುಲ್ಕ ಸಮಿತಿಯಿಂದ ಬರುತ್ತದೆ.

ರಾಜಿಯಾಗುವ ಪ್ರಕರಣವನ್ನು ಲೋಕ ಅದಾಲತ್‌ಗೆ ಒಯ್ಯಿರಿ. ಕಟ್ಟಿದ ಕೋರ್ಟ್ ಶುಲ್ಕ ಮರಳುತ್ತದೆ, ಆದರೆ ಮೇಲ್ಮನವಿ ಇಲ್ಲ. ಅದಕ್ಕೇ, ಅಕ್ಕತಂಗಿಯರ ಪಾಲಿನ ಕೇಸಿನಲ್ಲಿ ಸಹಿ ಹಾಕಿಸುವ ಮುನ್ನ ಅವರನ್ನಷ್ಟೇ ಕೂರಿಸಿ ಪ್ರತಿಯೊಂದು ಷರತ್ತನ್ನೂ ಓದಿ ಹೇಳಿ.